ಪರದೇಶದಾಗ ಸಾಲಿ ಮಾಸ್ತರ

ಸೇವೆ ಮುಗಿಸಿ ಮಕ್ಕಳಿರುವ ದೇಶಕ್ಕೆ ಹೊರಟ ಕನ್ನಡ ಶಿಕ್ಷಕರಿಗೆ ಆನ್‌ಲೈನ್ ಪಾಠ ಒಂದು ದಾರಿ. ಆದರೆ ಪಾಠ ಹೇಳಲು ಬರುವುದು ಬೇರೆ, ಫೀ ತೆಗೆದುಕೊಳ್ಳಲು ಬರುವುದು ಬೇರೆ.

ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅ ಆ ಇ ಈ ಹೇಳಿಕೊಟ್ಟರೆ ಯಾರ ತಕರಾರೂ ಇಲ್ಲ. ಪಕ್ಕದ ಬೀದಿಯ ಹುಬ್ಬಳ್ಳಿಯವರ ಹುಡುಗನೂ ಬಂದು ಜೊತೆಗೆ ಕುಳಿತರೆ ಆಗಲೂ ಇಲ್ಲ. ತಿಂಗಳ ಕೊನೆಗೆ ಆ ಹುಡುಗನ ತಾಯಿ ನಲವತ್ತು ಡಾಲರ್ ಇಟ್ಟ ಲಕೋಟೆ ಕೊಟ್ಟು, ಅಜ್ಜ ಅದನ್ನು ಜೇಬಿಗಿಳಿಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅವರ ಪಾಸ್‌ಪೋರ್ಟಿನಲ್ಲಿರುವ ಬಿ-2 ವೀಸಾ ಊರು ನೋಡಲು, ಬಂಧುಗಳನ್ನು ಕಾಣಲು. ಅಲ್ಲಿ ದುಡಿದು ಹಣ ಪಡೆಯಲು ಅದರಲ್ಲಿ ಅವಕಾಶವಿಲ್ಲ. ಮೂವತ್ತೈದು ವರ್ಷ ಸರ್ಕಾರಿ ಸಾಲಿಯಲ್ಲಿ ಕಲಿಸಿದ ಕೈ ಅಲ್ಲಿ ಮೊಮ್ಮಕ್ಕಳಿಗೆ ಪುಕ್ಕಟೆಯಾಗಿ ಕಲಿಸಬಹುದು, ಫೀ ಕೇಳುವಂತಿಲ್ಲ.

ಬೆಳಗಾವಿ ಜಿಲ್ಲೆಯ ಹತ್ತರಗಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಎಷ್ಟೋ ನಿವೃತ್ತ ಮಾಸ್ತರರ, ಅಕ್ಕೋರುಗಳ ಮಕ್ಕಳು ಈಗ ಡಲ್ಲಾಸ್, ಮ್ಯೂನಿಕ್, ಮೆಲ್ಬರ್ನ್ ಎಂದು ಹರಡಿಕೊಂಡಿದ್ದಾರೆ. ‘ಬಂದ್ಬಿಡ್ರಿ, ಅಲ್ಲೇನ್ ಐತಿ’ ಎಂದು ಫೋನಿನಲ್ಲಿ ಕರೆಯುತ್ತಾರೆ. ಕರೆಯುವವರಿಗೂ ಹೊರಡುವವರಿಗೂ ವಿಮಾನದ ಟಿಕೆಟ್ಟು, ಸಕ್ಕರೆ ಕಾಯಿಲೆಯ ಗುಳಿಗೆ, ಸ್ವೆಟರು ಇವೆಲ್ಲ ನೆನಪಿಗೆ ಬರುತ್ತವೆ. ಅಲ್ಲಿ ಹೋದ ಮೇಲೆ ಈ ಮನುಷ್ಯ ದಿನವಿಡೀ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಭಾಷೆ ಕಲಿಸುವ ಸಣ್ಣ ಸ್ವಂತ ಉದ್ಯೋಗ ಈ ಪ್ರಶ್ನೆಗೆ ಒಳ್ಳೆಯ ಉತ್ತರವಾಗಬಲ್ಲದು. ಅದಕ್ಕೆ ದುಡ್ಡಿಗಿಂತ ಮೊದಲು ಬೇಕಾಗುವುದು ಪರವಾನಗಿಯ ತಿಳಿವಳಿಕೆ.

ಹೆದ್ದಾರಿಯ ಎರಡು ತುದಿ

ಹತ್ತರಗಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಟೋಲ್ ನಾಕಾದಿಂದ. ಬೆಳಗಾವಿ ಮತ್ತು ಸಂಕೇಶ್ವರದ ನಡುವೆ, ಯಮಕನಮರಡಿಯ ಹತ್ತಿರ, ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಊರಿದೆ. ಈ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೋದರೆ ಪುಣೆ, ದಕ್ಷಿಣಕ್ಕೆ ಹೋದರೆ ಬೆಂಗಳೂರು. ಎಂಜಿನಿಯರಿಂಗ್ ಓದಿದ ಹುಡುಗರಿಗೆ ಮೊದಲ ನೌಕರಿ ಸಿಗುವುದು ಈ ಎರಡರಲ್ಲಿ ಒಂದು ಕಡೆ. ಅಲ್ಲಿಂದ ಮುಂದಿನ ಜಿಗಿತ ಸಮುದ್ರದಾಚೆಗೆ.

ಸೀಮೆಗೆ ಇನ್ನೊಂದು ಗುಣವಿದೆ. 1956ರವರೆಗೆ ಇದು ಮುಂಬಯಿ ಆಡಳಿತಕ್ಕೆ ಸೇರಿತ್ತು. ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಎಂಬ ಕಾಲದ ನೆನಪು ಹಳೆಯ ಮನೆತನಗಳಲ್ಲಿ ಈಗಲೂ ಇದೆ. ಸಂಕೇಶ್ವರ ದಾಟಿದರೆ ಗಡಹಿಂಗ್ಲಜ, ನಿಪ್ಪಾಣಿ ದಾಟಿದರೆ ಕಾಗಲ. ಸಂತೆಯಲ್ಲಿ ಕನ್ನಡ ಮಾತಾಡಿ ಬಸ್ಸಿನಲ್ಲಿ ಮರಾಠಿ ಮಾತಾಡುವುದು ಇಲ್ಲಿನವರಿಗೆ ವಿಶೇಷವೇ ಅಲ್ಲ. ಮನೆಯಲ್ಲಿ ಇದನ್ನು ಯಾರೂ ವಿದ್ಯೆ ಎಂದು ಎಣಿಸುವುದಿಲ್ಲ. ಪರದೇಶದಲ್ಲಿ ಮಾತ್ರ ಎರಡು ಭಾಷೆ ಬಲ್ಲ, ಮಕ್ಕಳ ಮುಂದೆ ನಿಂತು ಅನುಭವವಿರುವ ಶಿಕ್ಷಕರಿಗೆ ಬೆಲೆಯಿದೆ. ಕನ್ನಡದ ಜೊತೆ ಮರಾಠಿಯನ್ನೂ ಕಲಿಸಬಲ್ಲ ಹತ್ತರಗಿಯ ಅಕ್ಕೋರಿಗೆ ಎರಡು ಸಮುದಾಯಗಳ ಬಾಗಿಲು ತೆರೆದಿರುತ್ತದೆ.

ಕರ್ನಾಟಕದಲ್ಲಿ ಸರ್ಕಾರಿ ಶಿಕ್ಷಕರು 60ಕ್ಕೆ ನಿವೃತ್ತರಾಗುತ್ತಾರೆ. ದನಿ ಗಟ್ಟಿ ಇರುತ್ತದೆ, ಕಣ್ಣಿಗೆ ಕನ್ನಡಕ ಬಂದಿದ್ದರೂ ಸಿಟ್ಟು ಕಡಿಮೆಯಾಗಿ ತಾಳ್ಮೆ ಬಂದಿರುತ್ತದೆ. ಪಾಠ ಹೇಳುವುದಕ್ಕೆ ಇದು ಹಣ್ಣಾದ ವಯಸ್ಸು. ಕೋವಿಡ್ ಕಾಲದಲ್ಲಿ ಮೊಬೈಲಿನ ಮುಂದೆ ಕುಳಿತು ಪಾಠ ಹೇಳಿದ್ದರಿಂದ ಪರದೆಯ ಅಂಜಿಕೆಯೂ ಹೋಗಿದೆ. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಆ ಕರೆಂಟು, ಒಂದು ಇನ್ವರ್ಟರು, ಒಂದು ಫೈಬರ್ ಸಂಪರ್ಕ ಇಷ್ಟಿದ್ದರೆ ಹತ್ತರಗಿಯ ಪಡಸಾಲೆಯಲ್ಲೇ ಅಂತರರಾಷ್ಟ್ರೀಯ ಶಾಲೆ ನಡೆಯುತ್ತದೆ.

ಪುಕ್ಕಟೆ ಸಿಗುವಾಗ ಫೀ ಯಾರು ಕೊಡುತ್ತಾರೆ?

ಪರದೇಶದ ಕನ್ನಡ ಪಾಠಗಳ ಬಹುಪಾಲು ನಡೆಯುತ್ತಿರುವುದು ಸ್ವಯಂಸೇವಕರಿಂದ. ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದಲ್ಲಿ ‘ಕನ್ನಡ ಕಲಿ’ ತರಗತಿ ನಡೆಸುತ್ತವೆ. ದುಬೈಯಲ್ಲಿ ಕನ್ನಡ ಮಿತ್ರರು ಬಳಗದ ಕನ್ನಡ ಪಾಠಶಾಲೆ ಮಕ್ಕಳಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಮರಾಠಿಗರಿಗೂ ಬೃಹನ್ ಮಹಾರಾಷ್ಟ್ರ ಮಂಡಳದ ಶಾಲೆಗಳಿವೆ. ಸಾಫ್ಟ್‌ವೇರ್ ಕೆಲಸ ಮುಗಿಸಿ ಶನಿವಾರ ಪಾಠ ಹೇಳುವ ಈ ತಂದೆತಾಯಿಗಳ ಶ್ರಮ ದೊಡ್ಡದು. ಅವರ ಜೊತೆ ಪೈಪೋಟಿಗಿಳಿಯುವ ಮಾಸ್ತರ ಸೋಲುತ್ತಾನೆ, ಮರ್ಯಾದೆಯನ್ನೂ ಕಳೆದುಕೊಳ್ಳುತ್ತಾನೆ.

ಸ್ವಂತ ಪಾಠಕ್ಕೆ ಜಾಗ ಇರುವುದು ಕೂಟದ ತರಗತಿ ತಲುಪದ ಕಡೆ. ಹದಿನೈದು ಮಕ್ಕಳ ತರಗತಿಯಲ್ಲಿ ಬಾಯಿಬಿಡದ ನಾಚಿಕೆಯ ಹುಡುಗಿ ಒಬ್ಬಳು. ಕೂಟವೇ ಇಲ್ಲದ ಸಣ್ಣ ಊರಿನಲ್ಲಿರುವ ಕುಟುಂಬ ಇನ್ನೊಂದು. ಕನ್ನಡದವಳನ್ನು ಮದುವೆಯಾಗಿ ಅತ್ತೆಯ ಜೊತೆ ನಾಲ್ಕು ಮಾತಾಡಬೇಕೆಂಬ ಆಸೆಯ ಜರ್ಮನ್ ಅಳಿಯ, ಬೆಂಗಳೂರಿಗೆ ವರ್ಗವಾಗಿ ಬರಲಿರುವ ಕಂಪನಿ ಅಧಿಕಾರಿ, ಶಾಸನ ಓದಲು ಹೊರಟ ಸಂಶೋಧಕಿ, ಇವರಿಗೆಲ್ಲ ತಮ್ಮ ವೇಗಕ್ಕೆ ತಕ್ಕ ಒಬ್ಬ ಶಿಕ್ಷಕರು ಬೇಕು. ಅಮೆರಿಕದಲ್ಲಿ ಇನ್ನೊಂದು ಕಾರಣವೂ ಸೇರಿದೆ. ಹೈಸ್ಕೂಲು ಮುಗಿಸುವ ವಿದ್ಯಾರ್ಥಿಗೆ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲಿ ಪ್ರಾವೀಣ್ಯ ಇದ್ದರೆ ‘ಸೀಲ್ ಆಫ್ ಬೈಲಿಟರಸಿ’ ಎಂಬ ಮುದ್ರೆಯನ್ನು ಪ್ರಮಾಣಪತ್ರದ ಮೇಲೆ ಒತ್ತುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿತು. ಆಮೇಲೆ ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಮನೆಮಾತು ಮಕ್ಕಳ ಅಂಕಪಟ್ಟಿಯ ಲೆಕ್ಕಕ್ಕೆ ಬರಬಹುದು ಎಂದಾದ ಮೇಲೆ ಪಾಲಕರು ಪರ್ಸಿಗೆ ಕೈಹಾಕುತ್ತಾರೆ.

ಸಾಲಿಯ ಪಾಠ ಅಲ್ಲಿಗೆ ನಡೆಯದು

ಹಳ್ಳಿಯ ಸಾಲಿಗೆ ಬರುವ ಮಗುವಿಗೆ ಕನ್ನಡ ಮೊದಲೇ ಬಾಯಲ್ಲಿರುತ್ತದೆ. ಮಾಸ್ತರ ಕಲಿಸುವುದು ಅಕ್ಷರ. ಪರದೇಶದ ಮಗುವಿನದು ತಿರುವು ಮುರುವು. ಅದಕ್ಕೆ ಕಿವಿಯಲ್ಲಿ ಕನ್ನಡ ಇದೆ, ಬಾಯಲ್ಲಿ ಇಲ್ಲ. ‘ಊಟಕ್ಕೆ ಬಾ’ ಎಂದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂಥ ಮಗುವಿನ ಮುಂದೆ ಮೊದಲ ದಿನವೇ 49 ಅಕ್ಷರಗಳ ವರ್ಣಮಾಲೆ ಹರಡಿ, ಮೂರನೆಯ ವಾರಕ್ಕೆ ಕಾಗುಣಿತ, ಆರನೆಯ ವಾರಕ್ಕೆ ಒತ್ತಕ್ಷರ ಎಂದು ಹೊರಟರೆ ಎರಡು ತಿಂಗಳೊಳಗೆ ಹೊಟ್ಟೆನೋವಿನ ನೆಪ ಶುರುವಾಗುತ್ತದೆ. ಫೀ ಕೊಡುವ ಮಗು ಸಾಲಿ ಬಿಡಲು ಟಿ.ಸಿ. ಕೇಳುವುದಿಲ್ಲ, ಕ್ಯಾಮೆರಾ ಆರಿಸಿಬಿಡುತ್ತದೆ.

ಮೊದಲ ಮೂರು ತಿಂಗಳು ಮಾತಿಗೆ ಮೀಸಲಿಡುವುದು ಲಾಭ. ಅಲ್ಲಿ ಹುಟ್ಟಿದ ಮಕ್ಕಳಿಗೆ ಎಡವಟ್ಟಾಗುವ ಜಾಗಗಳೂ ಇಂಥವೇ ಎಂದು ಮೊದಲೇ ಹೇಳಬಹುದು. ‘ತಲೆ’ಯ ತ, ‘ಟೋಪಿ’ಯ ಟ ಎರಡೂ ಇಂಗ್ಲಿಷ್ ಕಿವಿಗೆ ಒಂದೇ. ‘ಹಲ್ಲಿ’ ಮತ್ತು ‘ಹಳ್ಳಿ’ ಬೆರೆತುಹೋಗುತ್ತವೆ. ಅಜ್ಜಿಯ ಹಲ್ಲಿಗೆ ಹೋಗಿದ್ದೆ ಎಂದು ಮಗು ಹೇಳಿದಾಗ ನಗದೆ ಮುಂದುವರಿಯುವುದು ಶಿಕ್ಷಕರ ಕೌಶಲ್ಯ. ವಿಭಕ್ತಿಯನ್ನು ಕೋಷ್ಟಕ ಮಾಡಿ ಉರು ಹೊಡೆಸುವ ಬದಲು ಮನೆಗೆ, ಮನೆಯಲ್ಲಿ, ಮನೆಯಿಂದ ಎಂದು ಗೊಂಬೆಯೊಂದನ್ನು ಪೆಟ್ಟಿಗೆಯ ಒಳಗೂ ಹೊರಗೂ ಓಡಾಡಿಸಿದರೆ ಅರ್ಧ ತಾಸಿನಲ್ಲಿ ಕೂಡುತ್ತದೆ. ಕ್ರಿಯಾಪದ ಕೊನೆಗೆ ಬರುವುದು, ಅವನು ಬಂದ, ಅವಳು ಬಂದಳು, ಅದು ಬಂತು ಎಂದು ಬಾಲ ಬದಲಾಗುವುದು ದೊಡ್ಡವರಿಗೆ ಕಷ್ಟ, ಮಕ್ಕಳಿಗೆ ಆಟ.

ಯಾವ ಕನ್ನಡ ಕಲಿಸಬೇಕು ಎಂಬ ತಕರಾರು ಬಂದೇ ಬರುತ್ತದೆ. ಮೈಸೂರು, ಬೆಂಗಳೂರಿನ ಕಡೆಯ ಪಾಲಕರಿಗೆ ‘ಹೊಂಟೇನ್ರಿ’, ‘ಮಾಡಾಕ್ಹತ್ತೀನಿ’ ಕೇಳಿ ಮಗು ಕೆಟ್ಟೀತೆಂಬ ಆತಂಕ. ಹಾವೇರಿ, ಬಾಗಲಕೋಟೆಯ ಪಾಲಕರಿಗೆ ಅದೇ ಬೇಕು, ಊರಿಗೆ ಹೋದಾಗ ಮುತ್ತ್ಯಾನ ಜೊತೆ ಮಾತಾಡುವುದಕ್ಕೆ. ಮಾಸ್ತರರು ಇಲ್ಲಿ ಸಂಕೋಚಪಡಬೇಕಾಗಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ‘ಆನಂದಕಂದ’ ಕೃಷ್ಣಶರ್ಮರು ಈ ಸೀಮೆಯ ಆಡುಮಾತಿನಲ್ಲೇ ಕವಿತೆ ಬರೆದರು. ಅದೇ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳನ್ನು ನಾಡೆಲ್ಲ ಓದಿದೆ. ಬರೆಯುವುದಕ್ಕೆ ಪುಸ್ತಕದ ಕನ್ನಡ, ಆಡುವುದಕ್ಕೆ ಮನೆಯ ಕನ್ನಡ ಎಂದು ಮೊದಲ ತರಗತಿಯಲ್ಲೇ ಪಾಲಕರೊಂದಿಗೆ ಒಪ್ಪಂದ ಮಾಡಿಕೊಂಡರೆ ಜಗಳ ಹರಿಯುತ್ತದೆ. ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇರುವ ಅಂತರ ವಿದೇಶಿ ವಿದ್ಯಾರ್ಥಿಯನ್ನು ಕಾಡುತ್ತದೆ ಎಂಬುದನ್ನು ಭಾಷಾವಿಜ್ಞಾನಿಗಳು ಹಿಂದೆಯೇ ಕಂಡಿದ್ದಾರೆ. ಅಮೆರಿಕದ ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡಕ್ಕೆಂದೇ ಒಂದು ವ್ಯಾಕರಣ ಪ್ರಕಟಿಸಿದರು. ಹೆರಾಲ್ಡ್ ಶಿಫ್‌ಮನ್ ಕೂಡ ಅದೇ ದಾರಿಯಲ್ಲಿ ಇನ್ನೊಂದು ಬರೆದರು.

ವೇಳಾಪಟ್ಟಿಯ ತೊಡಕು ಬೇರೆ. ಹತ್ತರಗಿಯ ಭಾನುವಾರ ಬೆಳಗಿನ 7 ಗಂಟೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಶನಿವಾರ ಸಂಜೆ 5.30, ಬೇಸಿಗೆಯಲ್ಲಿ 6.30. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ತಾಸು ಹಿಂದಕ್ಕೆ. ಸಿಡ್ನಿಯಲ್ಲಿ ಇದರ ಉಲ್ಟಾ. ಎರಡೂ ಕಡೆ ವಿದ್ಯಾರ್ಥಿಗಳಿರುವ ಮಾಸ್ತರರು ವರ್ಷಕ್ಕೆ ನಾಲ್ಕು ಸಲ ಪಟ್ಟಿ ತಿದ್ದಬೇಕು.

ದೇಶಕ್ಕೊಂದು ಬೇಲಿ

ಇಲ್ಲೇ ಕುಳಿತು ಕಲಿಸುವವರೆಗೆ ಯಾವ ವೀಸಾದ ಮಾತೂ ಇಲ್ಲ. ಮಾಸ್ತರರೇ ವಿಮಾನ ಹತ್ತಿದ ಮೇಲೆ ಪ್ರತಿ ದೇಶವೂ ತನ್ನದೇ ನಿಯಮ ಮುಂದಿಡುತ್ತದೆ.

ಅಮೆರಿಕಕ್ಕೆ ಭೇಟಿಯ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಅಲ್ಲಿನ ಮಕ್ಕಳಿಗೆ ಫೀ ಪಡೆದು ಪಾಠ ಹೇಳುವುದು ನಿಷಿದ್ಧ. ಹಣ ಭಾರತದ ಖಾತೆಗೆ ಬರುತ್ತದಲ್ಲ ಎಂಬ ಜಾಣತನ ನಡೆಯದು. ದುಡಿಮೆ ನಡೆದದ್ದು ಎಲ್ಲಿ ಎಂಬುದೇ ಅಲ್ಲಿನ ಪ್ರಶ್ನೆ. ಮಗ ಅಥವಾ ಮಗಳು ಅಮೆರಿಕದ ಪೌರತ್ವ ಪಡೆದು 21 ದಾಟಿದ್ದರೆ ತಂದೆತಾಯಿಗಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಈ ವರ್ಗಕ್ಕೆ ವಾರ್ಷಿಕ ಸಂಖ್ಯೆಯ ಮಿತಿ ಇಲ್ಲ. ಗ್ರೀನ್ ಕಾರ್ಡ್ ಬಂದ ದಿನದಿಂದ ದುಡಿಯುವ ಹಕ್ಕೂ ಬರುತ್ತದೆ. ಬೆನ್ನಿಗೇ ಕಟ್ಟುಪಾಡುಗಳೂ ಬರುತ್ತವೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗುಳಿಯಬೇಕಾದರೆ ಮೊದಲೇ ಮರುಪ್ರವೇಶದ ಪರವಾನಗಿ ಪಡೆದಿರಬೇಕು, ಆರು ತಿಂಗಳು ದಾಟಿದರೂ ಪ್ರಶ್ನೆ ಎದುರಿಸಬೇಕು. ಕಬ್ಬಿನ ಕಟಾವು, ಜೋಳದ ರಾಶಿ, ಊರ ಜಾತ್ರೆ ಎಂದು ಬಂದು ಕುಳಿತುಬಿಡುವ ಸ್ವಾತಂತ್ರ್ಯ ಹೋಗುತ್ತದೆ.

ಕೆನಡಾ ‘ಸೂಪರ್ ವೀಸಾ’ ಕೊಡುತ್ತದೆ. 2022ರ ಜುಲೈಯಿಂದ ಅದರಲ್ಲಿ ಒಮ್ಮೆಗೆ ಐದು ವರ್ಷ ಇರಬಹುದು. ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಅಷ್ಟು ದೀರ್ಘ ವಾಸಕ್ಕೆ ಒಪ್ಪುವ ಈ ವೀಸಾ ಕೆಲಸದ ಪರವಾನಗಿಯಲ್ಲ. ಆಸ್ಟ್ರೇಲಿಯಾದ ಕಾಂಟ್ರಿಬ್ಯೂಟರಿ ಪೇರೆಂಟ್ ವೀಸಾ ಕಾಯಂ ವಾಸ ಕೊಡುತ್ತದೆ, ದುಡಿಯಲೂ ಬಿಡುತ್ತದೆ. ಅದರ ಶುಲ್ಕ ಒಬ್ಬೊಬ್ಬರಿಗೆ ಸುಮಾರು 48 ಸಾವಿರ ಆಸ್ಟ್ರೇಲಿಯನ್ ಡಾಲರ್, ಸರದಿಯೋ ವರ್ಷಗಟ್ಟಲೆ.

ಬ್ರಿಟನ್ನಿನ ನಿಯಮದಲ್ಲಿ ವಿಚಿತ್ರವಿದೆ. 2012ರ ಜುಲೈ ನಂತರ ಅಲ್ಲಿ ನೆಲೆಸಲು ಬಯಸುವ ತಂದೆತಾಯಿ ದಿನನಿತ್ಯದ ಆರೈಕೆಗೂ ಇನ್ನೊಬ್ಬರನ್ನು ಅವಲಂಬಿಸುವಷ್ಟು ಅಶಕ್ತರಾಗಿರಬೇಕು, ಆ ಆರೈಕೆ ತಮ್ಮ ದೇಶದಲ್ಲಿ ಸಿಗುವಂತಿರಬಾರದು. ಪಾಠ ಹೇಳುವ ಶಕ್ತಿಯಿರುವ ಮಾಸ್ತರರಿಗೆ ಬಾಗಿಲು ಮುಚ್ಚಿದಂತೆಯೇ. ಆದರೆ 2024ರ ಜನವರಿ 31ರಿಂದ ಭೇಟಿಗೆ ಬಂದವರು ಹೊರದೇಶದ ತಮ್ಮ ಕೆಲಸವನ್ನು ದೂರದಿಂದ ಸ್ವಲ್ಪಮಟ್ಟಿಗೆ ಮುಂದುವರಿಸಬಹುದು, ಅದೇ ಪ್ರಯಾಣದ ಮುಖ್ಯ ಉದ್ದೇಶವಾಗಿರಬಾರದು. ನ್ಯೂಜಿಲೆಂಡ್ 2025ರ ಜನವರಿ 27ರಿಂದ ಇನ್ನೂ ಸ್ಪಷ್ಟವಾಗಿ ಹೇಳಿದೆ: ಹೊರದೇಶದ ಗಿರಾಕಿಗೆ ದುಡಿಯಿರಿ, ನಮ್ಮ ದೇಶದವರಿಗೆ ಸೇವೆ ಮಾರಬೇಡಿ. ಆಕ್ಲೆಂಡಿನ ಮಗಳ ಮನೆಯಲ್ಲಿ ಕುಳಿತು ಮಸ್ಕತ್‌ನ ಹುಡುಗನಿಗೆ ಪಾಠ ಹೇಳಬಹುದು. ಆಕ್ಲೆಂಡಿನ ಹುಡುಗನಿಗೆ ಹೇಳಿ ಫೀ ಪಡೆಯುವಂತಿಲ್ಲ.

ಮನೆಪಾಠವನ್ನೇ ನೇರವಾಗಿ ಕಾನೂನಿನೊಳಗೆ ತಂದಿರುವುದು ಸಂಯುಕ್ತ ಅರಬ್ ಎಮಿರೇಟ್ಸ್. 2023ರ ಡಿಸೆಂಬರಿನಲ್ಲಿ ಅಲ್ಲಿ ಖಾಸಗಿ ಶಿಕ್ಷಕರ ಪರವಾನಗಿ ಬಂತು. ಎರಡು ವರ್ಷದ ಅವಧಿ, ಶುಲ್ಕವಿಲ್ಲ, ನಡತೆ ಸಂಹಿತೆಗೆ ಸಹಿ ಹಾಕಬೇಕು. ಶಾಲಾ ಶಿಕ್ಷಕರಷ್ಟೇ ಅಲ್ಲದೆ ನೌಕರಿ ಇಲ್ಲದವರೂ ಅರ್ಜಿ ಹಾಕಬಹುದು. ಕಳ್ಳದಾರಿಯಲ್ಲಿ ನಡೆಯುತ್ತಿದ್ದ ಮನೆಪಾಠಕ್ಕೆ ಸರ್ಕಾರವೇ ಗುರುತಿನ ಚೀಟಿ ಕೊಟ್ಟಂತಾಯಿತು.

ಒಂದು ಲೆಕ್ಕ

ಪಾಶ್ಚಾತ್ಯರು ನಿವೃತ್ತರಾಗಿ ಹೊರದೇಶಕ್ಕೆ ಹೋಗುವುದು ಸೋವಿಯ ಊರು ಹುಡುಕಿಕೊಂಡು. ಇಂಗ್ಲೆಂಡಿನ ಪಿಂಚಣಿದಾರ ಪೋರ್ಚುಗಲ್ಲಿಗೋ ಥಾಯ್ಲೆಂಡಿಗೋ ಹೋದರೆ ಅವನ ಪೌಂಡು ಹಿಗ್ಗುತ್ತದೆ. ನಮ್ಮವರು ಹೋಗುವುದು ಮಕ್ಕಳಿರುವ ಕಡೆ, ಅಂದರೆ ತುಟ್ಟಿಯ ಊರಿಗೆ. ರೂಪಾಯಿ ಕುಗ್ಗುತ್ತದೆ.

ಲೆಕ್ಕಕ್ಕಾಗಿ ಒಬ್ಬ ಮಾಸ್ತರರನ್ನು ಊಹಿಸಿಕೊಳ್ಳೋಣ. ವಯಸ್ಸು 61, ತಿಂಗಳ ಪಿಂಚಣಿ 45,000 ರೂಪಾಯಿ, ಊರಲ್ಲಿ ಎರಡು ಎಕರೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ಪಿಂಚಣಿ 500 ಡಾಲರ್ ಆಯಿತು. ಹತ್ತರಗಿಯಲ್ಲಿ ಗಂಡಹೆಂಡತಿ ಅದರಲ್ಲಿ ಹಾಯಾಗಿರಬಹುದು. ಡಲ್ಲಾಸಿನಲ್ಲಿ ಒಬ್ಬರ ಆರೋಗ್ಯ ವಿಮೆಗೂ ಸಾಲದೇ ಹೋಗಬಹುದು. ಪಿಂಚಣಿದಾರರು ಬಳಸುವ ಪೋರ್ಚುಗಲ್ಲಿನ ಹೆಸರಾಂತ ಡಿ-7 ವೀಸಾಕ್ಕೆ 2025ರಲ್ಲಿ ತಿಂಗಳಿಗೆ ಕನಿಷ್ಠ 870 ಯೂರೋ ಆದಾಯ ತೋರಿಸಬೇಕಿತ್ತು. ನಮ್ಮ ಮಾಸ್ತರರ ಪಿಂಚಣಿ ಅದರ ಅರ್ಧದ ಆಸುಪಾಸು.

ಈಗ ಪಾಠ ಸೇರಿಸೋಣ. ಎಂಟು ಮಕ್ಕಳು, ಪ್ರತಿಯೊಬ್ಬರಿಗೂ ವಾರಕ್ಕೆ ಒಂದು ತಾಸು, ತಾಸಿಗೆ 10 ಡಾಲರ್. ತಿಂಗಳಿಗೆ 320 ಡಾಲರ್, ಅಂದರೆ 28,800 ರೂಪಾಯಿ. ವಿದ್ಯಾರ್ಥಿಗಳನ್ನು ಪ್ರೆಪ್ಲಿಯಂಥ ಆನ್‌ಲೈನ್ ವೇದಿಕೆಯಿಂದ ಪಡೆದರೆ ಹೊಸ ಶಿಕ್ಷಕರ ಗಳಿಕೆಯಲ್ಲಿ ಶೇ 33ರಷ್ಟು ಅದಕ್ಕೇ ಹೋಗುತ್ತದೆ. ಪಾಠದ ತಾಸುಗಳು ಹೆಚ್ಚಿದಂತೆ ಕಡಿತ ಶೇ 18ಕ್ಕೆ ಇಳಿಯುತ್ತದೆ. ಮೊದಲ ಪರೀಕ್ಷಾರ್ಥ ಪಾಠದ ಫೀ ಪೂರ್ತಿ ವೇದಿಕೆಯದೇ. 28,800ರಲ್ಲಿ ಶೇ 33 ಹೋದರೆ ಉಳಿಯುವುದು 19,296. ಆದ್ದರಿಂದ ವೇದಿಕೆಯನ್ನು ಗುರುತಾಗುವ ತನಕ ಬಳಸಿಕೊಂಡು, ಮುಂದಿನ ವಿದ್ಯಾರ್ಥಿಗಳನ್ನು ಕೂಟಗಳ ಪರಿಚಯದಿಂದ, ಪಾಲಕರ ಬಾಯಿಮಾತಿನಿಂದ ಹುಡುಕಿಕೊಳ್ಳುವುದು ಬುದ್ಧಿವಂತಿಕೆ.

ಮಾಸ್ತರರು ಹತ್ತರಗಿಯಲ್ಲೇ ಇದ್ದರೆ ತೆರಿಗೆ ಸರಳ. ಪಿಂಚಣಿ ವರ್ಷಕ್ಕೆ 5.40 ಲಕ್ಷ, ಪಾಠದಿಂದ ಸುಮಾರು 3.46 ಲಕ್ಷ, ಎರಡೂ ಸೇರಿ 8.86 ಲಕ್ಷ. 2025–26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ತನಕ ಜಿಎಸ್‌ಟಿ ನೋಂದಣಿಯ ಗೊಡವೆಯೂ ಇಲ್ಲ.

ಪರದೇಶದಲ್ಲಿ ನೆಲೆಸಿ ಅನಿವಾಸಿಯಾದರೆ ಚಿತ್ರ ಬೇರೆ. ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ಬರಿಯ ಪಿಂಚಣಿಯನ್ನೇ ಹಿಡಿದರೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 4.65 ಲಕ್ಷ ಉಳಿಯುತ್ತದೆ. 4 ಲಕ್ಷ ದಾಟಿದ 65,000ಕ್ಕೆ ಶೇ 5, ಮೇಲೆ ಸೆಸ್, ಒಟ್ಟು 3,380 ರೂಪಾಯಿ. ಮೊತ್ತ ಸಣ್ಣದು, ಆದರೆ ‘ನನಗೆ ತೆರಿಗೆ ಇಲ್ಲ’ ಎಂದು ನಂಬಿ ರಿಟರ್ನ್ ಹಾಕದೇ ಬಿಟ್ಟವರಿಗೆ ನೋಟಿಸು ಬರುವುದು ಇಂಥ ಸಣ್ಣ ಮೊತ್ತಕ್ಕೇ. ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಿಸಬೇಕು. ಎರಡು ಎಕರೆ ಹೊಲ ಇಟ್ಟುಕೊಳ್ಳಬಹುದು, ಅನಿವಾಸಿಯಾದ ಮೇಲೆ ಮೂರನೆಯ ಎಕರೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಪ್ರತಿ ವರ್ಷ ಪಿಂಚಣಿಗೆ ಬದುಕಿರುವ ದಾಖಲೆ ಕೊಡಬೇಕು; ಭಾರತೀಯ ದೂತಾವಾಸಗಳು ಅದನ್ನು ಮಾಡಿಕೊಡುತ್ತವೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಹಿಡಿದು ಪಾಠ ಹೇಳುವವರಿಗೆ ಮತ್ತೊಂದು ಕಡೆಯ ಲೆಕ್ಕ. ಊರಿನ ಪಿಂಚಣಿಯೂ ಸೇರಿ ಎಲ್ಲ ದೇಶದ ಆದಾಯವನ್ನು ಅಲ್ಲಿ ತೋರಿಸಬೇಕು. ಭಾರತದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದ್ದರೆ ಅದನ್ನು ಬೇರೆಯೇ ಫಾರ್ಮಿನಲ್ಲಿ ತಿಳಿಸಬೇಕು. ಸ್ವಂತ ಉದ್ಯೋಗದ ನಿವ್ವಳ ಗಳಿಕೆ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಶೇ 15.3ರ ಸ್ವಯಂ ಉದ್ಯೋಗ ತೆರಿಗೆ. ಈ ತೆರಿಗೆ ಪೂರ್ತಿ ನಷ್ಟವೇನಲ್ಲ. ಅದರಿಂದ ಸಾಮಾಜಿಕ ಭದ್ರತೆಯ ‘ಕ್ರೆಡಿಟ್’ ಜಮೆಯಾಗುತ್ತದೆ. 2025ರಲ್ಲಿ 1,810 ಡಾಲರಿಗೆ ಒಂದು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ನಲವತ್ತು ಕೂಡಿದರೆ ಆಸ್ಪತ್ರೆ ವಿಮೆಯಾದ ಮೆಡಿಕೇರ್‌ನ ಮೊದಲ ಭಾಗ ಪ್ರೀಮಿಯಂ ಇಲ್ಲದೆ ಸಿಗುತ್ತದೆ. 61ಕ್ಕೆ ಶುರುಮಾಡಿದರೆ ಬೇಗನೆಂದರೂ 71. ಅದಕ್ಕೆ ಮೊದಲು 65 ತುಂಬಿ, ಸತತ ಐದು ವರ್ಷ ಅಲ್ಲಿ ಕಾಯಂ ವಾಸಿಯಾಗಿದ್ದರೆ ಹಣ ಕೊಟ್ಟು ಮೆಡಿಕೇರ್ ಕೊಳ್ಳಬಹುದು. ಆ ಐದು ವರ್ಷ ದಾಟುವುದೇ ಮಕ್ಕಳಿಗೆ ದೊಡ್ಡ ಖರ್ಚು.

ಮೊದಲೂ ಹೋದವರಿದ್ದಾರೆ

ಕನ್ನಡವನ್ನು ನಿವೃತ್ತಿಯ ಸಂಗಾತಿಯಾಗಿ ಪರದೇಶಕ್ಕೆ ಒಯ್ದವರು ಹಿಂದೆಯೂ ಇದ್ದರು, ದಿಕ್ಕು ಮಾತ್ರ ಬೇರೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಇಲ್ಲಿನ ಶಾಸನಗಳ ಜೊತೆಗೆ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿದವನು. 1897ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೂ 1917ರಲ್ಲಿ ಸಾಯುವ ತನಕ ಶಾಸನಗಳನ್ನು ಬಿಡಲಿಲ್ಲ. ಕನ್ನಡ ನಿಘಂಟಿನ ಮಿಷನರಿ ಕಿಟೆಲ್ 1892ರಲ್ಲಿ ಜರ್ಮನಿಗೆ ಮರಳಿದರು. ಎರಡು ವರ್ಷಕ್ಕೆ ನಿಘಂಟು ಅಚ್ಚಾಗಿ ಬಂತು, ಅವರು ತೀರಿಕೊಂಡ 1903ರಲ್ಲೇ ವ್ಯಾಕರಣ ಬಂತು. ನಮ್ಮ ಕಾಲದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಹುದ್ದೆ ಮುಗಿಸಿದ ಬಿ.ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ಕನ್ನಡ ಕಲಿಸಿದರು.

ಇವರ ಬೆನ್ನಿಗೆ ಒಂದೊಂದು ಸಂಸ್ಥೆ ಇತ್ತು. ಸಾಮ್ರಾಜ್ಯದ ಪಿಂಚಣಿ, ಮಿಷನ್ನು, ವಿಶ್ವವಿದ್ಯಾಲಯದ ಆಹ್ವಾನ ಪತ್ರ. ಪ್ರಾಥಮಿಕ ಸಾಲಿಯ ಮಾಸ್ತರರಿಗೆ ಇರುವುದು ಮಗನ ಆಹ್ವಾನ ಪತ್ರ ಒಂದೇ. ಆ ಪತ್ರದ ಬಲದ ಮೇಲೆ ಮನೆಯಲ್ಲಿ ಅವರ ಸ್ಥಾನವೂ ನಿರ್ಧಾರವಾಗುತ್ತದೆ.

ಮನೆಯೊಳಗಿನ ಸ್ಥಾನ

ಹತ್ತರಗಿಯಲ್ಲಿ ಬಸ್ಸಿಗೆ ನಿಂತರೆ ‘ನಮಸ್ಕಾರ್ರೀ ಸರ್’ ಎಂದು ಹಳೆಯ ವಿದ್ಯಾರ್ಥಿಗಳು ಕೈಮುಗಿಯುತ್ತಾರೆ. ಗ್ರಾಮ ಪಂಚಾಯ್ತಿಯ ಅರ್ಜಿ ಬರೆಸಲು ಜನ ಮನೆಗೆ ಬರುತ್ತಾರೆ. ಅದೇ ಮನುಷ್ಯ ಹೊರದೇಶದ ಉಪನಗರದಲ್ಲಿ ಕಾರು ಓಡಿಸಲು ಬಾರದೆ, ಯಾರ ಗುರುತೂ ಇಲ್ಲದೆ, ಮೊಮ್ಮಕ್ಕಳ ಸ್ಕೂಲ್ ಬಸ್ಸಿನ ವೇಳೆಗೆ ಬಾಗಿಲಲ್ಲಿ ನಿಲ್ಲುವ ಕೆಲಸಕ್ಕೆ ಇಳಿಯುತ್ತಾನೆ. ಮಗನೂ ಸೊಸೆಯೂ ಕೆಟ್ಟವರಲ್ಲ. ಮಾಡಿದ ಕೆಲಸಕ್ಕೆ ಬೆಲೆ ಕಟ್ಟದ ಮನೆಯಲ್ಲಿ ಬೇಸರವನ್ನು ಹೇಳಿಕೊಳ್ಳುವುದಕ್ಕೂ ಭಾಷೆ ಸಿಗುವುದಿಲ್ಲ. ನಿವೃತ್ತ ಅಕ್ಕೋರಿಗೆ ಇದು ದುಪ್ಪಟ್ಟು. ಊರಲ್ಲಿ ಸಾಲಿಯ ತಾಸುಗಳಾದರೂ ಅಡುಗೆಮನೆಯಿಂದ ಬಿಡಿಸುತ್ತಿದ್ದವು, ಅಲ್ಲಿ ಅಡುಗೆಮನೆಯೇ ಇಡೀ ದಿನ.

ವಾರಕ್ಕೆ ಎಂಟು ತಾಸಿನ ಪಾಠ ಇದನ್ನು ಅಲ್ಲಾಡಿಸುತ್ತದೆ. ಪಾಠಕ್ಕೆ ಮೊದಲು ತಯಾರಿ ಬೇಕು, ಪಾಠದ ಹೊತ್ತಿಗೆ ಕೋಣೆ ಬೇಕು, ಆ ಹೊತ್ತಿನಲ್ಲಿ ಮಗುವನ್ನು ಬೇರೆಯವರು ನೋಡಿಕೊಳ್ಳಬೇಕು. ‘ಅಪ್ಪಾ ಕ್ಲಾಸ್‌ನಾಗ ಅದಾರ’ ಎಂದು ಮಗ ದನಿ ತಗ್ಗಿಸುವ ಮನೆಯಲ್ಲಿ ಅಪ್ಪನ ಸ್ಥಾನ ಬೇರೆಯಾಗಿರುತ್ತದೆ. 320 ಡಾಲರಿಗೆ ಮಗನ ಸಂಬಳದ ಎದುರು ತೂಕವಿಲ್ಲ. ಔಷಧಿಗೆ, ಊರಿನ ಗುಡಿಯ ವರ್ಗಣಿಗೆ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಯಾರನ್ನೂ ಕೇಳದೆ ಖರ್ಚು ಮಾಡಲು ಅದು ಸಾಕು.

ಕಾನೂನಿಗೂ ಈ ಮರ್ಯಾದೆಗೂ ಗಂಟು ಬಿದ್ದಿರುವುದು ಇಲ್ಲಿ. ಕದ್ದು ಪಡೆದ ಫೀ ಆ ಸ್ಥಾನವನ್ನು ಕೊಡುವುದಿಲ್ಲ. ಮುಂದಿನ ಸಲ ವಿಮಾನ ನಿಲ್ದಾಣದ ಅಧಿಕಾರಿ ಫೋನು ತೆರೆಸಿ ಕೇಳಿದರೆ ಏನು ಹೇಳುವುದು ಎಂಬ ಅಳುಕಿನಲ್ಲಿ ಗುರುವಿನ ದನಿ ಏಳುವುದಿಲ್ಲ.

ಆದ್ದರಿಂದ ಬಹುಪಾಲು ಮಾಸ್ತರರಿಗೆ ಒಗ್ಗುವ ದಾರಿ ವರ್ಷವನ್ನು ಎರಡು ಹೋಳು ಮಾಡುವುದು. ಶಾಲೆಯ ಬೇರು ಹತ್ತರಗಿಯಲ್ಲಿರಲಿ. ಅಲ್ಲಿ ಕುಳಿತು ಲೋಕಕ್ಕೆಲ್ಲ ಕಲಿಸಲಿ, ಫೀ ಪಡೆಯಲಿ, ತೆರಿಗೆಯ ಲೆಕ್ಕ ಇಲ್ಲೇ ಇರಲಿ. ಉಳಿದ ಕೆಲವು ತಿಂಗಳು ಮಕ್ಕಳ ಮನೆಗೆ ಅತಿಥಿಯಾಗಿ ಹೋಗಲಿ, ಆಗ ಪಾಠಕ್ಕೆ ರಜೆ ಕೊಡಲಿ, ಅಥವಾ ಆ ದೇಶ ಬಿಡುವಷ್ಟೇ ನಡೆಸಲಿ. ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ತೆರಿಗೆಯ ಕಣ್ಣಿಗೆ ಅವರು ಇಲ್ಲಿನ ನಿವಾಸಿಯೇ, ರಿಬೇಟೂ ಉಳಿಯುತ್ತದೆ. ಸಂಗಾತಿ ತೀರಿಹೋಗಿಯೋ ಆರೋಗ್ಯ ಕೆಟ್ಟೋ ಕಾಯಂ ಹೋಗಲೇಬೇಕಾದವರು ದುಡಿಯುವ ಹಕ್ಕಿರುವ ವಾಸಪತ್ರ ಕೈಗೆ ಬರುವ ತನಕ ಫೀ ಮುಟ್ಟದೆ, ಕೂಟದ ಶನಿವಾರದ ತರಗತಿಯಲ್ಲಿ ಸ್ವಯಂಸೇವಕರಾಗಿ ಹೆಸರು ಗಳಿಸುವುದು ಒಳ್ಳೆಯದು. ಮುಂದೆ ವಿದ್ಯಾರ್ಥಿಗಳು ಬರುವುದೂ ಆ ಹೆಸರಿನಿಂದಲೇ.

‘ಬಂದ್ಬಿಡ್ರಿ’ ಎಂದು ಕರೆಯುವ ಮಕ್ಕಳು ಅರ್ಜಿ ತುಂಬುವ ಮೊದಲು ಇನ್ನೊಂದು ಮಾತು ಕೇಳಬೇಕು: ಅಲ್ಲಿ ಬಂದ ಮೇಲೆ ನೀವು ಕಲಿಸ್ತೀರೋ ಇಲ್ಲೋ? ಉತ್ತರ ಹೌದು ಎಂದಾದರೆ ಯಾವ ವೀಸಾ ಎಂಬುದು ಬದಲಾಗುತ್ತದೆ, ಯಾವ ತಿಂಗಳ ಟಿಕೆಟ್ಟು ಎಂಬುದು ಬದಲಾಗುತ್ತದೆ, ಮನೆಯಲ್ಲಿ ಯಾವ ಕೋಣೆ ಎಷ್ಟು ಹೊತ್ತು ಮಾಸ್ತರರದ್ದು ಎಂಬುದೂ ಮೊದಲೇ ಇತ್ಯರ್ಥವಾಗುತ್ತದೆ.